ಮಳೆಗಾಲದ ತರಗತಿ ಮತ್ತು ಶಿಕ್ಷಕರ ಧ್ವನಿತಂತು

ಮಾನ್ಯ ಸಂಪಾದಕರೇ,

ಮುಂಗಾರು ಬಲಗೊಂಡೊಡನೆ ಕೊಡಗಿನಲ್ಲಿ ಶಾಲೆಗಳಿಗೆ ಮಳೆ ರಜೆ ಕೊಡಬೇಕೇ ಬೇಡವೇ ಎಂಬ ಚರ್ಚೆ ಪ್ರತಿವರ್ಷ ನಡೆಯುತ್ತದೆ. ರಜೆಯಿಲ್ಲದ ದಿನಗಳಲ್ಲಿ ಶೀಟಿನ ಮಾಡಿನಡಿ ನಿಂತು, ಮಳೆಯ ಸದ್ದನ್ನು ಮೀರಿಸಿ ಪಾಠ ಹೇಳುವವರ ಗಂಟಲಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಧ್ವನಿತಂತುಗಳ ಮೇಲೆ ಗಂಟು ಕಟ್ಟುವ ತೊಂದರೆಯ ಕುರಿತ ಸಂಶೋಧನೆ ಈಚಿನ ದಶಕಗಳಲ್ಲಿ ಹಿಡಿದಿರುವ ದಾರಿಯನ್ನು ನೋಡಿದರೆ, ಈ ವಿಷಯವನ್ನು ನಮ್ಮ ಜಿಲ್ಲೆಯಲ್ಲಿ ಗಂಭೀರವಾಗಿ ಎತ್ತಿಕೊಳ್ಳಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಹೆಂಗಸರು ಮಾತಾಡುವಾಗ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಒಂದನ್ನೊಂದು ತಾಕುತ್ತವೆ. ಅಂದರೆ ದಿನದಲ್ಲಿ ನಿಜವಾಗಿ ಧ್ವನಿ ಹೊರಟ ಸಮಯ ಒಟ್ಟು ಒಂದೇ ಗಂಟೆಯಾದರೂ ತಾಕಾಟಗಳ ಸಂಖ್ಯೆ 7,20,000ಕ್ಕೆ ಮುಟ್ಟುತ್ತದೆ. ಸ್ವರವೇರಿಸಿದಷ್ಟೂ ಈ ತಾಕಾಟ ಬಿರುಸಾಗಿ, ಕತ್ತಿ ಹಿಡಿದ ಅಂಗೈ ಜಡ್ಡುಗಟ್ಟುವ ಹಾಗೆ ಎರಡೂ ತಂತುಗಳ ಅಂಚು ದಪ್ಪಗಾಗುತ್ತದೆ. ಧ್ವನಿ ಒಡೆಯುತ್ತದೆ, ಬೇಗ ಆಯಾಸವಾಗುತ್ತದೆ. ಈ ಗಂಟು ಕ್ಯಾನ್ಸರ್ ಅಲ್ಲ. ಧ್ವನಿತಂತು ಬರಿಯ ತಂತಿಯಲ್ಲ, ಸ್ನಾಯುವಿನ ಮೇಲೆ ಮೃದುವಾದ ಪದರಗಳ ಹೊದಿಕೆಯಿರುವ ರಚನೆ ಎಂದು ಜಪಾನಿನ ವೈದ್ಯ ಮಿನೊರು ಹಿರಾನೊ 1974ರಲ್ಲಿ ವಿವರಿಸಿದ ಮೇಲೆ, ಆ ಹೊದಿಕೆಗೆ ಕತ್ತರಿ ಹಾಕುವ ವಿಷಯದಲ್ಲಿ ಶಸ್ತ್ರವೈದ್ಯರು ಬಹಳ ಎಚ್ಚರ ವಹಿಸತೊಡಗಿದರು. ಇಂದು ಗಂಟಿಗೆ ಮೊದಲು ಕೊಡುವುದು ಧ್ವನಿಯನ್ನು ಸರಿಯಾಗಿ ಬಳಸಲು ಕಲಿಸುವ ಧ್ವನಿ ಚಿಕಿತ್ಸೆಯನ್ನೇ.

ಅನಂತರದ ಸಂಶೋಧನೆ ಗಂಟಲನ್ನಷ್ಟೇ ನೋಡದೆ ವೃತ್ತಿಯತ್ತಲೂ ಕಣ್ಣು ಹಾಯಿಸಿತು. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ 1,243 ಶಿಕ್ಷಕರನ್ನೂ 1,288 ಇತರರನ್ನೂ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಕಂಡವರ ಪ್ರಮಾಣ ಶಿಕ್ಷಕರಲ್ಲಿ ಶೇ. 57.7, ಉಳಿದವರಲ್ಲಿ ಶೇ. 28.8 ಇತ್ತು. ಮುಂದೆ ಬಾಸ್ಟನ್ನಿನ ಸಂಶೋಧಕರು ಕತ್ತಿನ ಮೇಲೆ ಪುಟ್ಟ ಸಂವೇದಕ ಅಂಟಿಸಿ, ಸ್ಮಾರ್ಟ್‌ಫೋನಿನ ಮೂಲಕ ವಾರವಿಡೀ ಧ್ವನಿಯ ಬಳಕೆಯನ್ನು ಅಳೆದರು. 2015ರಲ್ಲಿ ಅವರು ವರದಿ ಮಾಡಿದಂತೆ, ಗಂಟಿನಂಥ ತೊಂದರೆ ಇದ್ದ ಮಹಿಳೆಯರಿಗೂ ಅದೇ ವೃತ್ತಿಯ, ಆರೋಗ್ಯವಂತ ಧ್ವನಿಯ ಮಹಿಳೆಯರಿಗೂ ಮಾತಿನ ಸರಾಸರಿ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಎಷ್ಟು ಮಾತಾಡುತ್ತಾರೆ ಎಂಬುದಕ್ಕಿಂತ ಹೇಗೆ ಮಾತಾಡುತ್ತಾರೆ ಎಂಬುದರ ಕಡೆಗೆ ವಿಚಾರ ತಿರುಗಿತು. ‘ಟೀಚರೇ, ಸ್ವಲ್ಪ ಕಡಿಮೆ ಮಾತಾಡಿ’ ಎಂಬ ಸುಲಭದ ಸಲಹೆ ಕೊಡುವವರು ಇದನ್ನು ಗಮನಿಸಬೇಕು.

ಆದರೆ ಅಲ್ಲಿ ಅಳತೆಗೆ ಒಳಗಾದವರಲ್ಲಿ ಹೆಚ್ಚಿನವರು ಹಾಡುಗಾರರು. ಕೆಳ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಮ್ಮ ನಲಿ-ಕಲಿ ಕೊಠಡಿಯ ಶಿಕ್ಷಕಿಯ ಪರಿಸ್ಥಿತಿ ಬೇರೆ. ಸುತ್ತಲಿನ ಸದ್ದು ಏರಿದಾಗ ಮನುಷ್ಯ ತನಗರಿವಿಲ್ಲದೆಯೇ ಧ್ವನಿ ಏರಿಸುತ್ತಾನೆಂದು ಫ್ರಾನ್ಸಿನ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದರು. ಅರಿವಿಗೆ ಬಾರದ ಈ ಏರುಧ್ವನಿಯನ್ನು ಉಪದೇಶದಿಂದ ತಡೆಯುವುದು ಕಷ್ಟ. ಕರಿಮೆಣಸಿನ ಕಷಾಯದಿಂದಲೂ ಆಗದು. (ನಮ್ಮ ತೋಟಗಳ ಮೆಣಸಿನ ಮೇಲೆ ನನಗೇನೂ ದೂರಿಲ್ಲ, ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ.) ಧ್ವನಿಯ ತೊಂದರೆಯಿದ್ದ 44 ಶಿಕ್ಷಕರನ್ನು ಮೂರು ಗುಂಪು ಮಾಡಿ ನಡೆಸಿ, 2002ರಲ್ಲಿ ಪ್ರಕಟಿಸಿದ ಆರು ವಾರಗಳ ಪ್ರಯೋಗವೊಂದರಲ್ಲಿ, ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಧ್ವನಿವರ್ಧಕ ಪಡೆದವರಲ್ಲಿ ಮಾತ್ರ ಗಣನೀಯ ಸುಧಾರಣೆ ಕಂಡಿತು, ಧ್ವನಿ ಜೋಪಾನದ ತಿಳಿವಳಿಕೆಯನ್ನಷ್ಟೇ ಪಡೆದವರಿಗಿಂತ ಅವರಿಗೆ ಮಾತು ಹೆಚ್ಚು ಸರಾಗವಾಯಿತು. ಏನೂ ಸಿಗದ ಗುಂಪಿನವರ ತೊಂದರೆ ಹೆಚ್ಚಾಯಿತು.

ಧ್ವನಿಮುದ್ರಿಕೆ ಕೇಳಿಯೇ ದೋಷ ಗುರುತಿಸುವ ಕೃತಕ ಬುದ್ಧಿಮತ್ತೆಯ ಪ್ರಯತ್ನಗಳು ಈಗ ಭರದಿಂದ ಸಾಗಿವೆ. ಅವುಗಳಲ್ಲಿ ಬಹಳಷ್ಟು ಆಧರಿಸಿರುವುದು ಜರ್ಮನಿಯ ಸಾರ್‌ಬ್ರುಕೆನ್ ಸಂಗ್ರಹದಂಥ ಹೊರನಾಡಿನ ಧ್ವನಿಗಳನ್ನು. ಕನ್ನಡ, ಕೊಡವ ತಕ್ಕ್, ಅರೆಭಾಷೆಗಳನ್ನಾಡುವ ಗಂಟಲುಗಳನ್ನು ದಾಖಲಿಸಲು ದೂರ ಹೋಗಬೇಕಿಲ್ಲ: 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪಕ್ಕದ ಮೈಸೂರಿನಲ್ಲಿದೆ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ. ಇವೆರಡೂ ಕೂಡಿ ಜಿಲ್ಲೆಯ ಒಂದಷ್ಟು ಶಾಲೆಗಳಲ್ಲಿ ಬೇಸಿಗೆಯಲ್ಲೊಮ್ಮೆ, ಆಷಾಢದ ಮಳೆಯಲ್ಲೊಮ್ಮೆ ಕೊಠಡಿಯ ಸದ್ದನ್ನೂ ಶಿಕ್ಷಕರ ಧ್ವನಿಯನ್ನೂ ಅಳೆದರೆ, ಹೊರನಾಡಿನ ಅಂಕಿಅಂಶಗಳನ್ನೇ ನೆಚ್ಚಿಕೊಳ್ಳುವುದು ತಪ್ಪುತ್ತದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಧ್ವನಿ ಒಡೆದು ನಾಲ್ಕು ವಾರ ಕಳೆದರೂ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಿಸಿಕೊಳ್ಳಬೇಕೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ 2018ರ ಮಾರ್ಗಸೂಚಿ ಹೇಳುತ್ತದೆ. ಮೊದಲು ಈ ಗಡುವು ಮೂರು ತಿಂಗಳಿತ್ತು. ಶಿಕ್ಷಕರ ತರಬೇತಿಯಲ್ಲಿ ಈ ಮಾತನ್ನು ತಿಳಿಸಲಿ. ಶೀಟಿನ ಮಾಡಿರುವ ಶಾಲೆಗಳು ಪುಟ್ಟ ಧ್ವನಿವರ್ಧಕಗಳನ್ನು ಅನುದಾನದಲ್ಲೇ ಕೊಳ್ಳಲು ಅವಕಾಶ ಕೊಟ್ಟು, ಮುಂದಿನ ಮುಂಗಾರಿಗೆ ಮೊದಲೇ ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಸಮಿತಿಗಳಿಗೆ) ಸುತ್ತೋಲೆ ಕಳುಹಿಸಬೇಕೆಂದು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಸೋಮವಾರಪೇಟೆ