ಕೆಂಪು ಬೀಮ್ ಎಂದರೆ ಕುಸಿಯುವ ಬೀಮ್ ಅಲ್ಲ

ಮಾನ್ಯ ಸಂಪಾದಕರೇ,

ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಕುರಿತು ಕಳೆದ ವಾರ ನಿಮ್ಮಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಬರಹದ ಬಗ್ಗೆ ತಕರಾರಿಲ್ಲ, ಚಿತ್ರದ ಬಗ್ಗೆ ಇದೆ. ನೀಲಿ, ಹಸಿರು, ಹಳದಿ ಬೀಮ್‌ಗಳ ನಡುವೆ ಒಂದು ಕೆಂಪಗಿತ್ತು. ಅದರ ಕೆಳಗೆ ‘ಅಪಾಯದಲ್ಲಿರುವ ತೊಲೆ’ ಎಂದು ಅಚ್ಚಾಗಿತ್ತು. 26 ವರ್ಷಗಳಿಂದ ಬೀಮ್‌ಗಳ ಲೆಕ್ಕ ಹಾಕಿಯೇ ಹೊಟ್ಟೆ ಹೊರೆಯುತ್ತಿರುವ ನನಗೆ ಸುಮ್ಮನಿರಲು ಆಗಲಿಲ್ಲ.

ನೀವು ಅಚ್ಚು ಹಾಕಿದ್ದು ಬೆಂಡಿಂಗ್ ಮೊಮೆಂಟ್‌ನ, ಅಂದರೆ ಭಾರ ಪ್ರತಿ ಬೀಮ್ ಅನ್ನು ಎಷ್ಟು ಬಲವಾಗಿ ಬಾಗಿಸಲು ನೋಡುತ್ತದೆ ಎಂಬುದರ ಚಿತ್ರ. ಲೆಕ್ಕದಲ್ಲಿ ಸಿಕ್ಕ ಅತಿ ದೊಡ್ಡ ಅಂಕಿಗೆ ಕೆಂಪು, ಅತಿ ಸಣ್ಣದಕ್ಕೆ ನೀಲಿ ಬಳಿಯುವುದು ಇಂಥ ಚಿತ್ರಗಳ ವಾಡಿಕೆ. ಕಟ್ಟಡ ಎಷ್ಟೇ ಗಟ್ಟಿಯಿರಲಿ, ಯಾವುದಾದರೂ ಒಂದು ಬೀಮ್ ಕೆಂಪಾಗಲೇಬೇಕು. ತರಗತಿಯಲ್ಲಿ ಯಾರಾದರೂ ಒಬ್ಬರು ಎಲ್ಲರಿಗಿಂತ ಎತ್ತರ ಇದ್ದೇ ಇರುವ ಹಾಗೆ. ಆ ಬೀಮ್ ತಾಳುತ್ತದೆಯೇ ಎಂಬುದು ಅದರ ಅಗಲ, ಆಳ, ಕಾಂಕ್ರೀಟು, ಒಳಗಿನ ಕಂಬಿ ಎಲ್ಲವನ್ನೂ ನೋಡಿ ತೀರ್ಮಾನಿಸುವ ಬೇರೆಯೇ ಲೆಕ್ಕ. ಅದಕ್ಕೂ ಬಣ್ಣದ ಚಿತ್ರವಿದೆ. ಅಲ್ಲಿ ಬೀಳುವ ಭಾರ ತಾಳುವ ಶಕ್ತಿಯನ್ನು ಮೀರಿದಾಗ, ಅಂದರೆ ಅನುಪಾತ 1 ದಾಟಿದಾಗ, ಕೆಂಪಾಗುತ್ತದೆ. ಅದನ್ನು ಕಂಡರೆ ಖಂಡಿತ ಗಾಬರಿಯಾಗಬೇಕು. ಎರಡಕ್ಕೂ ಒಂದೇ ಬಣ್ಣ ಆರಿಸಿದವರ ಜಾಣತನಕ್ಕೆ ಏನೆನ್ನಲಿ!

ನಿಜ ಹೇಳಬೇಕೆಂದರೆ ನಾನು ಹೆದರುವುದು ನೀಲಿಗೆ. ಎರಡು ವರ್ಷಗಳ ಹಿಂದೆ ನನ್ನ ಕಚೇರಿಯ ಕಿರಿಯ ಎಂಜಿನಿಯರ್ ಒಬ್ಬಳು ಎರಡಂತಸ್ತಿನ ಮನೆಯ ಚಿತ್ರ ತಂದು ತೋರಿಸಿದಳು. ಹಿಂಬದಿಯ 5 ಮೀಟರಿನ ಬೀಮ್ ತಣ್ಣಗೆ ನೀಲಿಯಾಗಿ ಮಲಗಿತ್ತು. ಸಾಫ್ಟ್‌ವೇರ್ ತೆರೆಯುವ ಮೊದಲೇ ಕಟ್ಟಡದ ಒಟ್ಟು ತೂಕವನ್ನು ಕಾಗದದ ಮೇಲೆ ಕೂಡಿಸಿಡುವುದು ನನ್ನ ಹಳೆಯ ಚಟ. ಸಾಫ್ಟ್‌ವೇರ್ ಕೊಟ್ಟ ರಿಯಾಕ್ಷನ್‌ಗಳ, ಅಂದರೆ ಭಾರವನ್ನು ಹೊರಲು ಅಡಿಪಾಯಗಳು ಕೊಡುವ ಬಲಗಳ, ಮೊತ್ತವನ್ನು ಅದರೊಂದಿಗೆ ತಾಳೆ ನೋಡಿದರೆ 69 ಕಿಲೋನ್ಯೂಟನ್ ಕಡಿಮೆ! ಹೆಚ್ಚುಕಡಿಮೆ ಏಳು ಟನ್ ಎಲ್ಲಿ ಮಾಯವಾಯಿತೆಂದು ಸಂಜೆಯವರೆಗೆ ಹುಡುಕಿದೆವು. ಕೊನೆಗೆ 69 ಅನ್ನು 5ರಿಂದ ಭಾಗಿಸಿದಾಗ ಕಳ್ಳ ಸಿಕ್ಕಿಬಿದ್ದ. ಮೀಟರಿಗೆ 13.8. ಘನ ಮೀಟರಿಗೆ 20 ಕಿಲೋನ್ಯೂಟನ್ ತೂಗುವ, 230 ಮಿಲಿಮೀಟರ್ ದಪ್ಪ, 3 ಮೀಟರ್ ಎತ್ತರದ ಇಟ್ಟಿಗೆ ಗೋಡೆಯ ಭಾರ ಅದು. ಗೋಡೆ ನಕ್ಷೆಯಲ್ಲಿತ್ತು, ಬೀಮ್‌ನ ಮೇಲೆ ಅದರ ಲೋಡ್ ಹಾಕಿರಲಿಲ್ಲ. ಎರಡೂ ತುದಿಗಳು ಬಿಗಿಯಿಲ್ಲದೆ ಆಧಾರದ ಮೇಲೆ ಸುಮ್ಮನೆ ಕೂತ ಬೀಮ್ ಎಂದು ಹಿಡಿದರೆ ಆ ಗೋಡೆಯೊಂದರಿಂದಲೇ ನಡುಭಾಗದಲ್ಲಿ 43 ಕಿಲೋನ್ಯೂಟನ್-ಮೀಟರ್ ಮೊಮೆಂಟ್ ಬರುತ್ತದೆ.

ತಪ್ಪು ಪರದೆಯ ಮೇಲೆಯೇ ಕಾಣಬಹುದಿತ್ತು. ಲೋಡ್ ತೋರಿಸುವ ಬಾಣಗಳನ್ನು ಆನ್ ಮಾಡಿದೆವು. ಸ್ಲ್ಯಾಬಿನಿಂದ ಇಳಿಯುವ ಭಾರ ಗಿಡ್ಡ ಬೀಮ್‌ಗಳ ಮೇಲೆ ತ್ರಿಕೋನವಾಗಿ, ಉದ್ದನೆಯವುಗಳ ಮೇಲೆ ನೆತ್ತಿ ಚಪ್ಪಟೆಯಾದ ಗುಡ್ಡದಂತೆ ಮೂಡಿತು. ಅಕ್ಕಪಕ್ಕದ ಬೀಮ್‌ಗಳ ಮೇಲೆ ಗೋಡೆಯ ಬಾಣಗಳೂ ಒತ್ತೊತ್ತಾಗಿ ನಿಂತಿದ್ದವು. ನಮ್ಮ ನೀಲಿ ಬೀಮ್‌ನ ಮೇಲೆ ಮಾತ್ರ ಬರೀ ಸ್ಲ್ಯಾಬಿನ ಗುಡ್ಡ. ಬಾಣಗಳಿಂದ ಚಿತ್ರ ಗಿಜಿಗುಡುತ್ತದೆಂದು ಅವಳು ಅವನ್ನು ಮರೆಮಾಡಿದ್ದಳು. ಅವಳನ್ನು ಬೈಯಲಾರೆ, ನಾನೂ ಮಾಡಿದ್ದುಂಟು. ಅಂದಿನಿಂದ ಲೋಡ್ ಚಿತ್ರ ಜೊತೆಗಿಲ್ಲದ ಮೊಮೆಂಟ್ ಚಿತ್ರ ನನ್ನ ಮೇಜಿಗೆ ಬರುವಂತಿಲ್ಲ.

ಬಾಗುವಿಕೆಯ ಚಿತ್ರದ್ದು ಇನ್ನೊಂದು ತಮಾಷೆ. 8 ಮಿಲಿಮೀಟರ್ ಬಾಗುವ ಬೀಮ್ ಅನ್ನು ಸಾಫ್ಟ್‌ವೇರ್ 100 ಪಟ್ಟು ಹಿಗ್ಗಿಸಿ ತೋರಿಸಿದಾಗ, ಮನೆ ಕಟ್ಟಿಸುತ್ತಿದ್ದ ಹಿರಿಯರೊಬ್ಬರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

ಹೆದರಬೇಕಾದ ಕಡೆ ಹೆದರದ ಉದಾಹರಣೆಯೂ ಇದೆ. ಅಮೆರಿಕದ ಹಾರ್ಟ್‌ಫರ್ಡ್ ಸಿವಿಕ್ ಸೆಂಟರಿನ ಚಾವಣಿಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲಾಗಿತ್ತು. ಕಟ್ಟುವಾಗಲೇ ಅದು ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಎರಡರಷ್ಟು ಬಾಗಿದ್ದನ್ನು ಅಳೆದು ತಿಳಿಸಿದ್ದರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1978ರ ಜನವರಿ 18ರ ಬೆಳಗಿನ ಜಾವ ಹಿಮದ ಭಾರಕ್ಕೆ ಚಾವಣಿ ಕುಸಿಯಿತು. ಕೆಲವೇ ಗಂಟೆಗಳ ಮೊದಲು ಸಾವಿರಾರು ಜನ ಅದರಡಿ ಕೂತು ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿ ಹೋಗಿದ್ದರು.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಇಂಥ ಚಿತ್ರಗಳ ಪಕ್ಕದಲ್ಲಿ ಯಾವ ಬಣ್ಣಕ್ಕೆ ಯಾವ ಅಂಕಿ ಎಂದು ತೋರಿಸುವ ಪಟ್ಟಿ ಇರುತ್ತದೆ. ಕಳೆದ ವಾರದ ಚಿತ್ರದಲ್ಲಿ ಅದನ್ನು ಕತ್ತರಿಸಲಾಗಿತ್ತು. ಅದರ ಮೇಲ್ತುದಿ ಮಾತ್ರ ಅಂಚಿನಲ್ಲಿ ಕೂದಲೆಳೆಯಷ್ಟು ಉಳಿದಿದೆ. ಮುಂದಿನ ಸಲ ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ.

ಇಂತು,
ಓರ್ವ ಸ್ಟ್ರಕ್ಚರಲ್ ಎಂಜಿನಿಯರ್