42 ಭಾನುವಾರ ನನ್ನ ಹೆಸರನ್ನು ಓದಿದ ಸಭೆಗೆ

ನಮ್ಮ ಸಭಾಪಾಲಕರಿಗೆ, ಸಭಾಪರಿಪಾಲನಾ ಸಮಿತಿಗೆ, ಸ್ತ್ರೀ ಸಂಘ, ಯುವಜನ ಸಂಘ ಮತ್ತು ಗಾಯನ ಮಂಡಳಿಯವರಿಗೆ, ಸಭೆಯ ಹಿರಿಯರಿಗೆ, ಭಾನುವಾರ ಶಾಲೆಯ ಮಕ್ಕಳಿಗೆ ನನ್ನ ಮತ್ತು ನನ್ನ ಮನೆಯವರ ಹೃತ್ಪೂರ್ವಕ ವಂದನೆಗಳು. 2025ರ ಏಪ್ರಿಲ್ 13ರಂದು, ಗರಿಗಳ ಭಾನುವಾರ, ಸುಮಾರು ಹತ್ತು ತಿಂಗಳ ನಂತರ ನಾನು ದೇವಾಲಯಕ್ಕೆ ಬಂದಾಗ, ಆರಾಧನೆ ಮುಗಿಯುವ ಮೊದಲು ಎರಡು ಮಾತು ಆಡಬೇಕೆಂದು ಸಭಾಪಾಲಕರು ಕೇಳಿಕೊಂಡಿದ್ದರು. ಎದ್ದು ನಿಂತೆನಾದರೂ ಗಂಟಲು ಕಟ್ಟಿ ಒಂದಕ್ಷರವೂ ಹೊರಡಲಿಲ್ಲ. ಅಂದು ಹೇಳಲಾಗದೆ ಹೋದುದನ್ನು ಈಗ ಬರೆದು ಒಪ್ಪಿಸುತ್ತಿದ್ದೇನೆ. ಬೆರಳುಗಳು ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲವಾದ್ದರಿಂದ ಈ ಬರಹಕ್ಕೆ ಆರು ದಿನ ಹಿಡಿಯಿತು.

2024ರ ಜೂನ್ 18, ಮಂಗಳವಾರ ಬೆಳಿಗ್ಗೆ ಎದ್ದಾಗ ಎರಡೂ ಪಾದಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಅದಕ್ಕೆ ಹತ್ತು ದಿನ ಹಿಂದೆ ಭೇದಿಯಾಗಿ ವಾಸಿಯಾಗಿದ್ದುದರಿಂದ ನಿಶ್ಶಕ್ತಿಯಿರಬೇಕೆಂದು ಸುಮ್ಮನಾದೆ. ಗುರುವಾರ ಮನೆಯ ಮೆಟ್ಟಿಲು ಹತ್ತಲಾಗಲಿಲ್ಲ, ಶುಕ್ರವಾರ ಚಹಾದ ಲೋಟ ಕೈಯಲ್ಲಿ ನಿಲ್ಲಲಿಲ್ಲ, ಶನಿವಾರ ಸಂಜೆಗೆ ಉಸಿರೇ ನಿಲ್ಲುವಂತಾಗಿ ಮಣಿಪಾಲದಲ್ಲಿ ನನ್ನನ್ನು ವೆಂಟಿಲೇಟರಿಗೆ ಹಾಕಿದರು. ಗಿಲನ್ ಬಾರೆ ಸಿಂಡ್ರೋಮ್ ಎಂದು ವೈದ್ಯರು ಹೇಳಿದರು. ಸೋಂಕನ್ನು ಎದುರಿಸಬೇಕಾದ ದೇಹದ ರೋಗನಿರೋಧಕ ಶಕ್ತಿ ದಾರಿತಪ್ಪಿ ತನ್ನದೇ ನರಗಳ ಮೇಲೆ ಬೀಳುವ ಕಾಯಿಲೆ ಇದು. ಕಾಲಿನಿಂದ ಆರಂಭಿಸಿ ಒಂದೊಂದೇ ಅಂಗವನ್ನು ಅದು ನಿಶ್ಚಲಗೊಳಿಸುತ್ತ ಮೇಲೇರುತ್ತದೆ. ಆದರೆ ಬುದ್ಧಿಯನ್ನಾಗಲಿ ಶ್ರವಣವನ್ನಾಗಲಿ ಮುಟ್ಟುವುದಿಲ್ಲ. ಮಂಚದ ಪಕ್ಕದಲ್ಲಿ ಆಡಿದ ಪ್ರತಿಯೊಂದು ಮಾತೂ ನನಗೆ ಕೇಳಿಸುತ್ತಿತ್ತು. ಕಣ್ಣಿನ ರೆಪ್ಪೆಗಳನ್ನು ಬಿಟ್ಟು ಬೇರೇನನ್ನೂ ಅಲುಗಿಸಲು ನನ್ನಿಂದ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಪ್ರಾರ್ಥಿಸಲಿಲ್ಲ. ಇದನ್ನು ಹೇಳದೆ ಕೃತಜ್ಞತೆಯನ್ನಷ್ಟೇ ಬರೆದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಬಾಲ್ಯದಿಂದ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚದುರಿಹೋಗುತ್ತಿತ್ತು. ಮೊದಲು ಭಯ, ಆಮೇಲೆ ಕೋಪ, ಅದೂ ಆರಿದ ಮೇಲೆ ಏನೂ ಇಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವಷ್ಟು ಆಸಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಆರು ವರ್ಷ ಸಭೆಯ ಕಾರ್ಯದರ್ಶಿಯಾಗಿ ದುಡಿದು, ನಂಬಿಕೆಯ ವಿಷಯದಲ್ಲಿ ನಾನು ಗಟ್ಟಿ ಎಂದುಕೊಂಡಿದ್ದವನ ಸ್ಥಿತಿ ಹೀಗಿತ್ತು.

ನಾನು ಕಾರ್ಯದರ್ಶಿಯಾಗಿದ್ದಾಗಿನ ಒಂದು ಸಂಗತಿಯನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ. ವಿಜ್ಞಾಪನೆಯ ಪ್ರಾರ್ಥನೆಯಲ್ಲಿ ಅಸ್ವಸ್ಥರ ಹೆಸರುಗಳನ್ನು ಒಂದೊಂದಾಗಿ ಓದುವುದರಿಂದ ಆರಾಧನೆ ಉದ್ದವಾಗುತ್ತದೆ, ಹೊತ್ತು ಮೀರುತ್ತದೆ, ಆದ್ದರಿಂದ ‘ಅಸ್ವಸ್ಥರೆಲ್ಲರಿಗಾಗಿ’ ಎಂದು ಒಟ್ಟಾಗಿ ಹೇಳಿ ಮುಗಿಸಬಹುದು ಎಂದು ನಾನು ಸಮಿತಿಯ ಸಭೆಯಲ್ಲಿ ವಾದಿಸಿದ್ದೆ. ಹಿರಿಯರೊಬ್ಬರು ಒಪ್ಪಲಿಲ್ಲ. “ಹೆಸರು ಹಿಡಿದು ಕರೆಯದಿದ್ದರೆ ಮನೆಯ ಮಕ್ಕಳೇ ತಿರುಗಿ ನೋಡುವುದಿಲ್ಲ” ಎಂದಷ್ಟೇ ಹೇಳಿ ಅವರು ಕುಳಿತುಬಿಟ್ಟರು. ಅವರ ಮಾತು ಗೆದ್ದಿತು, ನನಗೆ ಬೇಸರವಾಯಿತು. ಮುಂದೆ ಕೋವಿಡ್ ಬಂದು ಆರಾಧನೆ ಮೊಬೈಲಿನಲ್ಲಿ ಬರತೊಡಗಿದಾಗ ಅದೇ ಅನುಕೂಲವೆನಿಸಿ, ದೇವಾಲಯ ತೆರೆದ ಮೇಲೂ ಎಷ್ಟೋ ಭಾನುವಾರ ಮನೆಯಲ್ಲೇ ಕುಳಿತು ನೋಡಿದ್ದೇನೆ. ಹೆಸರುಗಳ ಪಟ್ಟಿ ಬಂದಾಗ ಬೆರಳಿನಿಂದ ಮುಂದಕ್ಕೆ ತಳ್ಳಿದ್ದೇನೆ.

2024ರ ಜೂನ್ 23ರ ಭಾನುವಾರ ನನ್ನ ಹೆಸರು ಆ ಪಟ್ಟಿಗೆ ಸೇರಿತು. 2025ರ ಏಪ್ರಿಲ್ 6ರವರೆಗೆ, ಒಂದು ವಾರವೂ ತಪ್ಪದೆ, 42 ಭಾನುವಾರ ಅದನ್ನು ಓದಲಾಯಿತು. ನನ್ನ ಪತ್ನಿ ಅಷ್ಟೂ ವಾರಗಳ ಆರಾಧನಾ ಕ್ರಮದ ಹಾಳೆಗಳನ್ನು ಜೋಡಿಸಿ ಬೈಬಲಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಮೊದಲ ಹಾಳೆಗಳಲ್ಲಿ ನನ್ನ ಹೆಸರಿನ ಮುಂದೆ ‘ಐಸಿಯು’ ಎಂದಿದೆ, ಸೆಪ್ಟೆಂಬರಿನ ನಡುವಿನಿಂದ ‘ಮನೆಯಲ್ಲಿ’ ಎಂದಿದೆ. ನನ್ನ ಬಾಯಿಗೆ ದೇವರ ಹೆಸರು ಬಾರದಿದ್ದ ಕಾಲದಲ್ಲಿ ನಿಮ್ಮ ಬಾಯಲ್ಲಿ ದೇವರ ಮುಂದೆ ನನ್ನ ಹೆಸರಿತ್ತು ಎಂಬುದನ್ನು ಆ ಹಾಳೆಗಳನ್ನು ಎಣಿಸಿದ ದಿನ ನಾನು ಅರ್ಥ ಮಾಡಿಕೊಂಡೆ.

ಎರಡನೆಯ ವಾರದ ಒಂದು ದಿನವನ್ನು ಇಲ್ಲಿ ವಿವರವಾಗಿ ಹೇಳಬೇಕು. ಬೆಳಗಿನಿಂದ ನನ್ನ ಎಡಗಿವಿ ದಿಂಬಿನ ಅಡಿಯಲ್ಲಿ ಮಡಚಿ ಸಿಕ್ಕಿಕೊಂಡಿತ್ತು. ಮೊದಲು ಸ್ವಲ್ಪ ಚುರುಕು, ಮಧ್ಯಾಹ್ನದ ಹೊತ್ತಿಗೆ ಕಾದ ಕಬ್ಬಿಣ ಇಟ್ಟಂತಹ ಉರಿ. ದಾದಿಯರು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿದ್ದರು. ಆದರೆ ನೋವಿದೆ ಎಂದು ತಿಳಿಸುವುದಾದರೂ ಹೇಗೆ? ಸಂಜೆಯ ಭೇಟಿಯ ಸಮಯಕ್ಕೆ ನನ್ನ ಪತ್ನಿಯ ಬದಲು ಯುವಜನ ಸಂಘದ ಹುಡುಗಿಯೊಬ್ಬಳು ಬಂದಳು, ನರ್ಸಿಂಗ್ ಓದುತ್ತಿರುವವಳು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ದಪ್ಪ ಅಕ್ಷರಗಳಲ್ಲಿ ಸ್ವರಗಳು, ಕ ವರ್ಗ, ಚ ವರ್ಗ ಎಂದು ಸಾಲುಸಾಲಾಗಿ ವರ್ಣಮಾಲೆ ಬರೆದು ತಂದಿದ್ದಳು. “ಸಾರ್, ನಾನು ಸಾಲು ತೋರಿಸುತ್ತೇನೆ, ಬೇಕಾದ ಸಾಲು ಬಂದಾಗ ಕಣ್ಣು ಮುಚ್ಚಿ, ಆಮೇಲೆ ಅಕ್ಷರ ತೋರಿಸುತ್ತೇನೆ. ಗುಣಿತ ಬೇಡ, ಅದನ್ನು ನಾನೇ ಊಹಿಸುತ್ತೇನೆ” ಎಂದಳು. ‘ಕ’ಕ್ಕೆ ಕಣ್ಣು ಮುಚ್ಚಿದೆ, ‘ವ’ಕ್ಕೆ ಮುಚ್ಚಿದೆ. “ಕಾವು? ಕವಿ? ಕಿವಿ?” ಎಂದು ಕೇಳಿದಳು. ಕಣ್ಣು ಮುಚ್ಚಿದೆ. ಅವಳು ದಾದಿಯನ್ನು ಕರೆದು, ಇಬ್ಬರೂ ಸೇರಿ ನನ್ನ ತಲೆಯನ್ನು ಮೆಲ್ಲನೆ ಎತ್ತಿ ಕಿವಿಯನ್ನು ಬಿಡಿಸಿದರು. ಹನ್ನೆರಡು ದಿನಗಳಲ್ಲಿ ನಾನು ಇನ್ನೊಬ್ಬರಿಗೆ ಹೇಳಿದ ಮೊದಲ ಮಾತು ಅದು. ಪರದೆಯ ಮೇಲಿನ ಪ್ರಸಂಗ ಎಷ್ಟೇ ಚೆನ್ನಾಗಿರಲಿ, ಮಡಚಿದ ಕಿವಿಯನ್ನು ಬಿಡಿಸಲು ಒಬ್ಬರು ಬಸ್ಸು ಹತ್ತಿ ಬರಲೇಬೇಕು.

ಚಿಕಿತ್ಸೆಯ ವೆಚ್ಚದ ಬಗ್ಗೆಯೂ ಬರೆಯಲೇಬೇಕಾಗಿದೆ. ನನ್ನ 62 ಕಿಲೋ ತೂಕಕ್ಕೆ ಐದು ದಿನಗಳಲ್ಲಿ ಇಮ್ಯುನೊಗ್ಲೋಬ್ಯುಲಿನ್ ಎಂಬ ಔಷಧದ 5 ಗ್ರಾಮಿನ 25 ಬಾಟಲಿ ಕೊಡಬೇಕಾಗಿತ್ತು; ಅದೊಂದಕ್ಕೇ ಮೂರು ಲಕ್ಷದ ಹತ್ತಿರವಾಗುತ್ತಿತ್ತು. ವಿಮೆಯ ಹಣ ಕೈಸೇರಲು ತಡವಿದ್ದ ಆ ನಾಲ್ಕು ದಿನಗಳಲ್ಲಿ ಸಮಿತಿಯವರು ಸಹಾಯನಿಧಿಯಿಂದ ಹಣ ತಂದುಕೊಟ್ಟರು, ಸ್ತ್ರೀ ಸಂಘದವರು ಹಿಡಿಯಕ್ಕಿಯ 36,000 ರೂಪಾಯಿಗಳನ್ನು ತಂದರು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ, ತಿಂಗಳ ಮೊದಲ ಭಾನುವಾರ ದೇವಾಲಯಕ್ಕೆ ತಂದು ಸುರಿಯುವ ಅಕ್ಕಿಯಿಂದ ಬಂದ ಹಣವದು. ಅದರಲ್ಲಿ ಬೀಡಿ ಕಟ್ಟಿ ಮನೆ ನಡೆಸುವವರ ಹಿಡಿಯೂ ಇತ್ತೆಂದು ನನಗೆ ಗೊತ್ತು. ಆ ಔಷಧವನ್ನು ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ತಯಾರಿಸುತ್ತಾರೆಂದು ಆಮೇಲೆ ವೈದ್ಯರೊಬ್ಬರು ತಿಳಿಸಿದಾಗ, ಬಾಟಲಿಯೊಳಗೂ ಅದನ್ನು ಕೊಂಡ ಹಣದೊಳಗೂ ಇದ್ದ ಜನರನ್ನು ನೆನೆದು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ‘ನೀವು ಕ್ರಿಸ್ತನ ದೇಹ’ ಎಂದು ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ನಾನು ದೃಢೀಕರಣದ ತರಗತಿಯಲ್ಲಿ ಕಲಿತವನು.

ಆಸ್ಪತ್ರೆಯಲ್ಲಿದ್ದ 84 ರಾತ್ರಿಗಳಲ್ಲಿ ಒಂದು ರಾತ್ರಿಯೂ ನನ್ನ ಪತ್ನಿ ಒಬ್ಬಳೇ ಇರಲಿಲ್ಲ. ಯುವಜನ ಸಂಘದ ಪಾಳಿ ಪುಸ್ತಕ ನಮ್ಮ ಮನೆಯಲ್ಲಿದೆ. ಪ್ರತಿ ರಾತ್ರಿಗೂ ಇಬ್ಬರ ಹೆಸರು. ಐಸಿಯು ಒಳಗೆ ಬಿಡುವುದಿಲ್ಲವೆಂದು ತಿಳಿದೂ ಹೊರಗಿನ ಕುರ್ಚಿಗಳಲ್ಲಿ ಕುಳಿತು ಬೆಳಗು ಮಾಡಿ, ಅಲ್ಲಿಂದಲೇ ಕೆಲಸಕ್ಕೆ ಹೋದವರು ನೀವು. ನವೆಂಬರಿನ ಬೆಳೆ ಹಬ್ಬದ ಏಲಂನಲ್ಲಿ ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಏಲಂಗೆ ಬಿಟ್ಟು, ಅದು ಏಳು ಕೈ ದಾಟಿ, ಆ ಹಣ ನನ್ನ ಫಿಸಿಯೋಥೆರಪಿಗೆ ಬಂತು. ಕುಂಬಳಕಾಯಿಯೂ ನಮ್ಮ ಮನೆಗೇ ಬಂತು. ಆ ಹೊತ್ತಿಗೆ ನಾನು ಚಮಚ ಹಿಡಿಯಲು ಕಲಿತಿದ್ದೆ. ಅದರ ಪಲ್ಯವನ್ನು ನನ್ನ ಕೈಯಿಂದಲೇ ಉಂಡೆ.

ಇದೆಲ್ಲ ನಮ್ಮಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲಿನ ದಶಕಗಳಲ್ಲಿ ದೀಕ್ಷಾಸ್ನಾನ ಪಡೆದ ನಮ್ಮ ಹಿರಿಯರಲ್ಲಿ ಅನೇಕರಿಗೆ ಒಂದೇ ದಿನದಲ್ಲಿ ಕುಟುಂಬದ ಮನೆ, ಗೇಣಿಯ ಗದ್ದೆ, ಕುಲಕಸುಬು ಎಲ್ಲವೂ ತಪ್ಪಿಹೋದವು. ಹೆರಿಗೆಗೆ ಬರುವವರಿಲ್ಲ, ಹೆಣಕ್ಕೆ ಹೆಗಲು ಕೊಡುವವರಿಲ್ಲ. ನೇಯ್ಗೆಯ ಶಾಲೆ, 1865ರ ಜೆಪ್ಪುವಿನ ಹಂಚಿನ ಕಾರ್ಖಾನೆ ಅವರಿಗೆ ಕೂಲಿಯನ್ನು ಕೊಟ್ಟವು. ಬಂಧುಗಳನ್ನು ಕೊಟ್ಟದ್ದು ಸಭೆ. ಬೇರೆ ಬೇರೆ ಜಾತಿಗಳಿಂದ ಬಂದು, ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದೆ ಬೆಳೆದವರು, ಒಂದೇ ಪಾತ್ರೆಯಿಂದ ಕರ್ತನ ಭೋಜನದ ದ್ರಾಕ್ಷಾರಸವನ್ನು ಕುಡಿದು ಒಬ್ಬರಿಗೊಬ್ಬರು ಮಾವ, ಅತ್ತೆ, ಅಣ್ಣ, ಅಕ್ಕ ಆಗಬೇಕಾಯಿತು. ಅದು ಸುಲಭವಾಗಿ ಆಯಿತೆಂದು ನಾನು ಹೇಳಲಾರೆ, ಇಂದಿಗೂ ಪೂರ್ತಿಯಾಗಿದೆ ಎಂದೂ ಹೇಳಲಾರೆ. ಮದುವೆಯ ಮಾತು ಬಂದಾಗ ಹಳೆಯ ಗೋಡೆಗಳು ನಮ್ಮಲ್ಲಿ ಇನ್ನೂ ಕಾಣಿಸುತ್ತವೆ. ಆದರೆ 1914ರ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಬಂಧಿತರಾಗಿ ದೇಶ ಬಿಡಬೇಕಾಗಿ ಬಂದು, ಕಾರ್ಖಾನೆಗಳು ಮಿಶನಿನ ಕೈತಪ್ಪಿದ ಮೇಲೂ, ಹೆಣಕ್ಕೆ ಹೆಗಲು ಕೊಡುವ ಆ ನಂಟು ಉಳಿದುಕೊಂಡು ಬಂತು.

ಸಭಾಪಾಲಕರಿಗೆ ಒಂದು ವಿಶೇಷ ವಂದನೆ. ಐಸಿಯುಗೆ ಬಂದ ಮೊದಲ ದಿನ ಅವರು ‘ಯೆಹೋವನು ನನಗೆ ಕುರುಬನು’ ಎಂಬ ಕೀರ್ತನೆಯನ್ನು ಓದುವರೆಂದು ನಾನು ನಿರೀಕ್ಷಿಸಿದ್ದೆ. ಅವರು ಓದಿದ್ದು 88ನೆಯ ಕೀರ್ತನೆಯನ್ನು. ಸಮಾಧಾನದ ಮಾತಿನಿಂದ ಮುಗಿಯದೆ ಕತ್ತಲೆಯಲ್ಲೇ ಮುಗಿಯುವ ಕೀರ್ತನೆಯದು. ಓದಿ ಪುಸ್ತಕ ಮುಚ್ಚಿ, ಯಾವ ವಿವರಣೆಯನ್ನೂ ಕೊಡದೆ, ಹದಿನೈದು ನಿಮಿಷ ನನ್ನ ಕೈ ಹಿಡಿದು ಕುಳಿತಿದ್ದು ಹೋದರು. ನಾನಿದ್ದ ಕತ್ತಲೆಗೂ ಬೈಬಲಿನಲ್ಲಿ ಜಾಗವಿದೆ ಎಂದು ತಿಳಿದದ್ದು ಅಂದು. ಹಾಗೆಯೇ, ವಾರ್ಡಿಗೆ ಬಂದ ಮೇಲೆ ಪ್ರತಿ ಬುಧವಾರ ಬರುತ್ತಿದ್ದ ನಮ್ಮ ಸಭೆಯ ಹಿರಿಯಮ್ಮನವರು ನನ್ನ ಹಣೆಯ ಮೇಲೆ ಕೈಯಿಟ್ಟು ತುಳುವಿನಲ್ಲಿ ಪ್ರಾರ್ಥಿಸುತ್ತಿದ್ದರು. ತುಳುವಿನ ಹೊಸ ಒಡಂಬಡಿಕೆ ಮಂಗಳೂರಿನಲ್ಲಿ ಅಚ್ಚಾದದ್ದು 1847ರಲ್ಲಿ. ಆದರೂ ನಮ್ಮ ವೇದಿಕೆಯ ಭಾಷೆ ಕನ್ನಡವೇ. ನಾನು ಕನ್ನಡ ಮೇಷ್ಟ್ರು, ಕನ್ನಡದಲ್ಲೇ ಯೋಚಿಸುವವನು. ಆದರೂ ಅವರು “ದೇವೆರೇ” ಎಂದು ಆರಂಭಿಸಿದ ಕೂಡಲೇ, ತೀರಿಹೋದ ನನ್ನ ತಾಯಿಯ ದನಿ ಕೇಳಿದಂತಾಗಿ, ಎಷ್ಟೋ ವಾರಗಳಿಂದ ಬಾರದಿದ್ದ ಕಣ್ಣೀರು ಬಂತು.

ಕೈಕಾಲುಗಳಿಗೆ ಜೀವ ಬರುತ್ತಿದ್ದ ತಿಂಗಳುಗಳಲ್ಲಿ ಪಾರ್ಶ್ವವಾಯು ರೋಗಿಯ ಕಥೆಯನ್ನು ಮತ್ತೆ ಮತ್ತೆ ಓದಿದೆ. ಅವನನ್ನು ಹೊತ್ತು ತಂದವರು ನಾಲ್ವರೆಂದು ಮಾರ್ಕನು ಹೇಳುತ್ತಾನೆ. ಹಂಚುಗಳನ್ನು ತೆಗೆದು ಹಾಸಿಗೆ ಸಹಿತ ಇಳಿಸಿದರೆಂದು ಲೂಕನು ಬರೆಯುತ್ತಾನೆ. ಹಂಚಿನ ಮಾಡಿನ ಕೆಳಗೆ ಹುಟ್ಟಿ ಬೆಳೆದ ನಮಗೆ ಆ ಕೆಲಸ ಗೊತ್ತಿದೆ: ಒಂದು ಹಂಚನ್ನು ಸರಿಸಬೇಕಾದರೆ ಮೇಲಿನದನ್ನು ಮೊದಲು ಎತ್ತಬೇಕು, ರೀಪಿನ ಮೇಲೆ ಹೆಜ್ಜೆಯಿಡಬೇಕು, ಕಾಲು ತಪ್ಪಿದರೆ ಕೆಳಗಿದ್ದವರ ತಲೆಯ ಮೇಲೆ ಬೀಳುವುದು. ಅಷ್ಟು ಕಷ್ಟಪಟ್ಟವರು ಅವರು. ಮಲಗಿದ್ದವನು ನಂಬಿದನೆಂದು ಇಬ್ಬರೂ ಬರೆದಿಲ್ಲ. ಯೇಸು ‘ಅವರ ನಂಬಿಕೆಯನ್ನು’ ನೋಡಿದನೆಂದಿದೆ. ನೂರಾರು ಸಲ ಕೇಳಿದ್ದ ಆ ‘ಅವರ’ ಎಂಬ ಶಬ್ದ ನನ್ನ ಕಣ್ಣಿಗೆ ಬಿದ್ದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ನಂಬಿಕೆ ಪ್ರತಿಯೊಬ್ಬನ ಸ್ವಂತ ವಿಷಯ, ಅದಕ್ಕೆ ಸಭೆಯೇ ಬೇಕೆಂದಿಲ್ಲ ಎಂದು ನಾನು ಹಲವು ಸಲ ಹೇಳಿದ್ದುಂಟು. ಆ ಮಾತನ್ನು ನಿಮ್ಮೆಲ್ಲರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೆಸರುಗಳನ್ನು ಓದಬಾರದೆಂದು ವಾದಿಸಿದ್ದಕ್ಕೂ, ಆಗ ಪಟ್ಟಿಯಲ್ಲಿದ್ದವರ ಮತ್ತು ಅವರ ಮನೆಯವರ ಕ್ಷಮೆ ಬೇಡುತ್ತೇನೆ.

ಆ ಮಳೆಯ ರಾತ್ರಿ ಆಂಬುಲೆನ್ಸಿಗೆ ದಾರಿ ತೋರಿಸುತ್ತ ಬೈಕಿನಲ್ಲಿ ಮುಂದೆ ಹೋದ ಪಕ್ಕದ ಮನೆಯವರಿಗೆ, ವೈದ್ಯರಿಗೆ, ದಾದಿಯರಿಗೆ, ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಬೇರೆಯಾಗಿಯೇ ಬರೆದಿದ್ದೇನೆ. ಅವರ ಋಣವೂ ಚಿಕ್ಕದಲ್ಲ.

ಗರಿಗಳ ಭಾನುವಾರ ವಾಕರ್ ಹಿಡಿದು ಬಂದಾಗ ದೇವಾಲಯದ ಮೂರು ಮೆಟ್ಟಿಲುಗಳ ಮೇಲೆ ಹಲಗೆಯ ಇಳಿಜಾರು ಇತ್ತು. ಅದರ ಮರಕ್ಕೆ ಬಣ್ಣ ಇನ್ನೂ ಹಸಿಯಾಗಿತ್ತು. ಯಾರು ಮಾಡಿದರೆಂದು ಕೇಳಿದರೆ ಯಾರೂ ಹೇಳಲಿಲ್ಲ. ಮಕ್ಕಳು ತೆಂಗಿನ ಗರಿ ಹಿಡಿದು ಹಾಡುತ್ತ ಒಳಗೆ ಬಂದರು. ಆ ದಿನದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಪವಿತ್ರ ಗುರುವಾರದಂದು ಮೊಣಕಾಲೂರಲಾಗದೆ ನಿಂತೇ ಕರ್ತನ ಭೋಜನವನ್ನು ಸ್ವೀಕರಿಸಿದೆ. ನನ್ನ ಎರಡೂ ಪಕ್ಕದವರು ಮೊಣಕಾಲೂರದೆ ನನ್ನೊಂದಿಗೇ ನಿಂತರು.

ಮೇ ತಿಂಗಳಿನಿಂದ ವಿಜ್ಞಾಪನೆಯ ಪ್ರಾರ್ಥನೆಯನ್ನು ಓದುವ ಕೆಲಸವನ್ನು ಸಭಾಪಾಲಕರು ನನಗೆ ಒಪ್ಪಿಸಿದ್ದಾರೆ. ಗಂಟಲಿಗೆ ಟ್ಯೂಬು ಹಾಕಿದ್ದರಿಂದ ನನ್ನ ದನಿ ಇನ್ನೂ ಒಡಕಾಗಿದೆ, ಹಿಂದಿನ ಬೆಂಚುಗಳಿಗೆ ಸರಿಯಾಗಿ ಕೇಳಿಸದಿದ್ದರೆ ದಯವಿಟ್ಟು ತಿಳಿಸಿರಿ. ಈ ವಾರದ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಶನಿವಾರ ರಾತ್ರಿ ಅವುಗಳನ್ನು ಒಂದು ಸಲ ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡು ಬರುತ್ತೇನೆ.