ಹಳೆಯ ಕಾರು ಸೋರಲೇಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ದಾವಣಗೆರೆಯಲ್ಲಿ ಇನ್ನೂ ಇದ್ದಾರೆ. ಆಯಿಲ್ ಬದಲಿಸಿದ ಮರುದಿನವೇ ಕಾರಿನಡಿ ಕಪ್ಪು ಕಲೆ ಬಿದ್ದರೆ, ‘ಹಳೆಯ ಗಾಡಿ, ಸೋರುವುದು ಸಹಜ’ ಎಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಹಳೆಯ ಆಯಿಲ್ ಹೊರಬಿಡುವ ಡ್ರೇನ್ ಬೋಲ್ಟಿನ ತಾಮ್ರದ ವಾಷರ್ ಒಮ್ಮೆ ಬಿಗಿದರೆ ಗಡುಸಾಗುತ್ತದೆ, ಮತ್ತೆ ಹಾಕಿದಾಗ ಸರಿಯಾಗಿ ಕೂರುವುದಿಲ್ಲ. ಹೊಸದನ್ನೇ ಹಾಕಬೇಕು. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆದುವಾಗುತ್ತದೆ. ಅದು ಬಿಟ್ಟು ಉದ್ದನೆಯ ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದರೆ ಸಂಪಿನ (ಎಂಜಿನ್ನಿನಡಿಯ ಆಯಿಲ್ ತೊಟ್ಟಿಯ) ಥ್ರೆಡ್ಡೇ ಹಾಳಾಗುತ್ತದೆ.

ಇನ್ನು ಆಯಿಲ್ ಸೋಸುವ ಫಿಲ್ಟರ್. ಅಂಬಾಸಿಡರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಲೋಹದ ಬಟ್ಟಲಿನೊಳಗೆ ಕೂರುತ್ತದೆ. ಬಟ್ಟಲು ಕೂರುವ ತೋಡಿನಲ್ಲಿ ಹಳೆಯ ರಬ್ಬರ್ ರಿಂಗ್ ಕಪ್ಪಾಗಿ, ಗಟ್ಟಿಯಾಗಿ, ಲೋಹವೇ ಎನ್ನುವಂತೆ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸ ರಿಂಗ್ ಕೂರಿಸಿದರೆ ಎಂಜಿನ್ ಶುರುವಾಗುತ್ತಲೇ ಆಯಿಲ್ ಹೊರಚಿಮ್ಮುತ್ತದೆ. ಟಾರ್ಚ್ ಹಿಡಿದು ನೋಡಿ, ಹಳೆಯದನ್ನು ಎಬ್ಬಿಸಿ ತೆಗೆದು, ತೋಡನ್ನು ಒರೆಸಿ, ಹೊಸ ರಿಂಗಿಗೆ ಬೆರಳಿನಲ್ಲಿ ಆಯಿಲ್ ಸವರಿ ಕೂರಿಸಬೇಕು. ಆಮೇಲೆ ಐದು ನಿಮಿಷ ಎಂಜಿನ್ ಓಡಿಸಿ, ಬಗ್ಗಿ ನೋಡದೆ ಕಾರನ್ನು ಮಾಲೀಕರಿಗೆ ಒಪ್ಪಿಸಲೇಬಾರದು.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಇರುವ ಕಾರುಗಳು ಉಳಿಯಬೇಕಾದರೆ ನಮ್ಮ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಕೈಹಿಡಿದು ಕಲಿಸಲಿ. ಬಿಡಿಭಾಗದ ಅಂಗಡಿಯವರೂ ಈ ವಾಷರ್, ರಿಂಗುಗಳನ್ನು ತಪ್ಪದೆ ತರಿಸಿಡಲಿ.

– ನಿವೃತ್ತ ಮೆಕ್ಯಾನಿಕ್, ಪಿ.ಜೆ. ಬಡಾವಣೆ, ದಾವಣಗೆರೆ